ಹಿಂದಿನ ಸಾಲಿನ ದನಿ

ಟ್ರಾನ್ಸ್‌ಫಾರ್ಮರ್ ರಿಪೇರಿ ಶೆಡ್ಡಿನಲ್ಲಿ ನನ್ನ ಪಕ್ಕದ ಮೇಜು ಅವಳದು. ಸುಟ್ಟುಹೋದ ಟ್ರಾನ್ಸ್‌ಫಾರ್ಮರುಗಳು ಲಾರಿಯಲ್ಲಿ ಬಂದು ಬೀಳುತ್ತವೆ. ಎಣ್ಣೆ ಬಸಿದು, ಹೊಟ್ಟೆ ಬಿಚ್ಚಿ, ಕರಕಲಾದ ಸುರುಳಿಗಳನ್ನು ಎಳೆದು ಬಿಸಾಕಿ, ಹೊಸ ತಾಮ್ರದ ತಂತಿ ಸುತ್ತುವುದು ನಮ್ಮ ಕೆಲಸ. ಒಂದು ಪದರ ತಂತಿ, ಅದರ ಮೇಲೆ ಕಾಗದ, ಮತ್ತೆ ಒಂದು ಪದರ ತಂತಿ. ಸಡಿಲವಾದರೆ ಆಮೇಲೆ ಗುಂಯ್ ಎನ್ನುತ್ತದೆ, ಬಿಗಿಯಾದರೆ ಕಾಗದ ಹರಿಯುತ್ತದೆ. ಅವಳು ಈ ಕೆಲಸವನ್ನು ತೀರಾ ಚೆನ್ನಾಗಿಯೂ ಮಾಡುತ್ತಿರಲಿಲ್ಲ, ತೀರಾ ಕೆಟ್ಟದಾಗಿಯೂ ಮಾಡುತ್ತಿರಲಿಲ್ಲ. ಮನಸ್ಸನ್ನು ಬೇರೆಲ್ಲೋ ಬಿಟ್ಟುಬಂದವರು ಮಾಡುವ ಹಾಗೆ ಮಾಡುತ್ತಿದ್ದಳು. ಮನಸ್ಸು ಇದ್ದದ್ದು ಎರಡು ಬೀದಿ ಆಚೆಯ ಹಾಕಿ ಮೈದಾನದಲ್ಲಿ.

ವಿದ್ಯುತ್ ಇಲಾಖೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡದ್ದೇ ಹಾಕಿಗಾಗಿ. ಇನ್ನೂ ಇಪ್ಪತ್ತು ತುಂಬಿರದ ಹುಡುಗಿ ಇಲಾಖೆಯ ಮಹಿಳಾ ತಂಡದ ಡಿಫೆನ್ಸಿನ ನಟ್ಟನಡುವೆ ಬಂದು ನಿಂತವಳು, ಮದುವೆಯಾಗಿ, ಮಗಳನ್ನು ಹೆತ್ತು, ಮೊಣಕಾಲಿಗೆ ಒಂದು ಆಪರೇಷನ್ ಮಾಡಿಸಿಕೊಂಡರೂ ಅದೇ ಜಾಗದಲ್ಲಿ ನಿಂತಿದ್ದಳು. ಒಳ್ಳೆಯ ದಿನಗಳಲ್ಲಿ ಅವಳನ್ನು ದಾಟಿ ಚೆಂಡು ಹೋಗುವುದೇ ಅಪರೂಪವಾಗಿತ್ತು. ಯಾರೋ ಪ್ರೇಕ್ಷಕರು ‘ಬೀಗ ಜಡಿದುಬಿಟ್ಟಳು ನೋಡು’ ಎಂದದ್ದೇ ಹೆಸರಾಗಿ ಅಂಟಿಕೊಂಡಿತು. ಮದುವೆಯ ಹೊಸದರಲ್ಲಿ ಅವಳ ಅತ್ತೆ ಒಮ್ಮೆ ಮ್ಯಾಚು ನೋಡಲು ಬಂದವರು, ಸುತ್ತಲಿನ ಜನ ‘ಬೀಗ, ಬೀಗ’ ಎಂದು ಕೂಗುವುದನ್ನು ಕೇಳಿ, “ಯಾರ ಬೀಗರು ಬಂದಿದಾರಂತೆ?” ಎಂದು ಗಡಿಬಿಡಿಯಲ್ಲಿ ಎದ್ದು ಕೂದಲು ಸರಿಮಾಡಿಕೊಂಡರಂತೆ. ಆ ಕಥೆ ಶೆಡ್ಡಿನಲ್ಲಿ ನೂರು ಸಲ ಓಡಿದೆ. ಬರಬರುತ್ತಾ ಬೀಗ ಹೋಗಿ ಬೀಗದಕ್ಕ ಆಯಿತು. ಅಕ್ಕ ಎಂದು ಸೇರಿಸಿದ್ದು ಮರ್ಯಾದೆಗೋ ವಯಸ್ಸಾಯಿತೆಂದು ನೆನಪಿಸುವುದಕ್ಕೋ ಎಂದು ಅವಳೇ ಕೇಳುತ್ತಿದ್ದಳು.

ಅವಳ ಜೊತೆಯ ತಂಡ ಕರಗಿಹೋದದ್ದು ಎರಡೇ ವರ್ಷದಲ್ಲಿ. ಒಬ್ಬಳು ಗಂಡನಿಗೆ ವರ್ಗವಾಯಿತೆಂದು ಊರು ಬಿಟ್ಟಳು. ಇಬ್ಬರಿಗೆ ಬಡ್ತಿ ಸಿಕ್ಕಿ ಕುರ್ಚಿ ಸಿಕ್ಕಿತು. ಕುರ್ಚಿ ಸಿಕ್ಕವರು ಮತ್ತೆ ಓಡಲಿಲ್ಲ. ಗೋಲ್ ಕೀಪರಿಗೆ ಅವಳಿ ಮಕ್ಕಳಾದವು. ಉಳಿದವಳು ಇವಳೊಬ್ಬಳೇ. ಆಗ ಇಲಾಖೆ, ತಂಡವನ್ನು ಬುಡದಿಂದ ಹೊಸದಾಗಿ ಕಟ್ಟೋಣ ಎಂದು ತೀರ್ಮಾನಿಸಿ, ಶಾಲೆ ಕಾಲೇಜುಗಳಿಂದ ಆಗಷ್ಟೇ ಹೊರಬಿದ್ದ ಹುಡುಗಿಯರನ್ನು ಆರಿಸಿ ತಂದಿತು. ಸಬ್‌ಸ್ಟೇಷನ್ ಹಿಂದಿನ ಹಳೆಯ ಕಟ್ಟಡ ಅವರ ಹಾಸ್ಟೆಲ್ ಆಯಿತು. ಉದ್ಘಾಟನೆಯ ದಿನ ಕ್ರೀಡಾಧಿಕಾರಿ ಮೈಕು ಹಿಡಿದು, ಹೊಸ ರಕ್ತದ ಬಗ್ಗೆ ಬಹಳ ಹೊತ್ತು ಮಾತಾಡಿ, ಕೊನೆಗೆ ಇವಳ ಕಡೆ ಕೈ ತೋರಿಸಿ, “ಅನುಭವ ಅನ್ನುವ ಆಸ್ತಿ ನಮ್ಮ ಜೊತೆಯಲ್ಲೇ ಇದೆ” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವಳನ್ನು ನಾಯಕಿಯನ್ನಾಗಿ ಮಾಡಿದರು.

ಮರುದಿನ ಶೆಡ್ಡಿನಲ್ಲಿ ತಂತಿ ಸುತ್ತುತ್ತಾ ಅವಳು ಅಂದಳು, “ಆಸ್ತಿ ಅಂದ್ರೆ ಏನು ಗೊತ್ತಾ ನಿಂಗೆ? ಯಾರೂ ಬಳಸಲ್ಲ, ಮಾರೋಕೂ ಆಗಲ್ಲ. ಸುಮ್ನೆ ಬೇಲಿ ಹಾಕಿಟ್ಟಿರ್ತಾರೆ.”

ಬಳಸಿದರು, ಆದರೆ ಎಲ್ಲದಕ್ಕೂ. ಹಾಸ್ಟೆಲಿನ ನಲ್ಲಿ ಸೋರಿದರೆ ಅಕ್ಕ. ಒಬ್ಬಳಿಗೆ ಜ್ವರ ಬಂದರೆ ಆಸ್ಪತ್ರೆಗೆ ಅಕ್ಕ. ಬಸ್ಸು ಬರದಿದ್ದರೆ ಚಾಲಕನಿಗೆ ಫೋನು ಮಾಡುವವಳು ಅಕ್ಕ. ಇಬ್ಬರು ಹುಡುಗಿಯರು ಕಿಟಕಿ ಪಕ್ಕದ ಹಾಸಿಗೆಗೆ ಜಗಳವಾಡಿ ಮಾತು ಬಿಟ್ಟರೆ, ಪಂಚಾಯ್ತಿಗೂ ಅಕ್ಕ. ಯಾರನ್ನು ಆಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವಾಗ ಮಾತ್ರ ಅಕ್ಕನನ್ನು ಯಾರೂ ಕೇಳುತ್ತಿರಲಿಲ್ಲ. ಅದನ್ನು ನೋಡಿಕೊಳ್ಳಲು ಕೋಚ್ ಇದ್ದ.

ಕೋಚ್ ಅವಳಿಗಿಂತ ಚಿಕ್ಕವನು. ಕೆಟ್ಟವನಲ್ಲ. ಹುಡುಗಿಯರ ಮೇಲೆ ಕೈಯಾಗಲಿ ಕೆಟ್ಟ ಬಾಯಾಗಲಿ ಮಾಡಿದವನಲ್ಲ, ಬಿಸಿಲಲ್ಲಿ ಅವರ ಜೊತೆಯೇ ಓಡುತ್ತಿದ್ದ. ಅವನ ಆಟದ ರೀತಿ ಬೇರೆ, ಅಷ್ಟೆ. ಇಡೀ ತಂಡ ಮುಂದಕ್ಕೆ ನುಗ್ಗಬೇಕು, ಎದುರಾಳಿಯನ್ನು ಅವರ ಅಂಗಳದಲ್ಲೇ ಹಿಡಿಯಬೇಕು, ಡಿಫೆನ್ಸಿನವರೂ ಮೈದಾನದ ಮಧ್ಯದ ಗೆರೆಯ ತನಕ ಬರಬೇಕು. ಇವಳ ಕಾಲಿಗೆ ಅದು ಆಗುತ್ತಿರಲಿಲ್ಲ. ಮುಂದೆ ಹೋಗುವುದೇನೋ ಹೋಗುತ್ತಿದ್ದಳು, ಚೆಂಡು ತಲೆಯ ಮೇಲಿಂದ ಹಿಂದಕ್ಕೆ ಹಾರಿದಾಗ ವಾಪಸು ಓಡಬೇಕಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹಾಗಾಗಿ ಇಬ್ಬರೂ ಆ ಒಂದು ವಿಷಯ ಬಿಟ್ಟು ಉಳಿದದ್ದಕ್ಕೆಲ್ಲ ಜಗಳವಾಡುತ್ತಿದ್ದರು.

ಲೀಗಿನ ಮೊದಲ ಮ್ಯಾಚು ಆರು ಗೋಲಿನಿಂದ ಸೋತರು. ಎರಡನೆಯದು ನಾಲ್ಕರಿಂದ. ಮೂರನೆಯದರಲ್ಲಿ ಏಳು. ಮೂರನೆಯದಾದ ಮೇಲೆ ವಾಪಸು ಬರುವ ಬಸ್ಸಿನಲ್ಲಿ, ಗುಬ್ಬಿ ಎಂದು ಕರೆಸಿಕೊಳ್ಳುವ ಪುಟ್ಟ ಫಾರ್ವರ್ಡ್ ಹುಡುಗಿ ಫೋನಿನಲ್ಲಿ ಏನೋ ನೋಡಿ ಕಿಸಕ್ಕೆಂದು ನಕ್ಕಳು. ಬೀಗದಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ಏಳು ತಿಂದು ಬಂದಿದೀವಿ. ನಗು ಹೇಗೆ ಬರುತ್ತೆ ನಿಂಗೆ?” ಎಂದಳು.

“ಅಳೋದು ನಾಳೆ ಮೀಟಿಂಗಲ್ಲಿ ಇದ್ದೇ ಇದೆಯಲ್ಲ ಅಕ್ಕ,” ಎಂದಳು ಗುಬ್ಬಿ. ಹಿಂದಿನ ಸೀಟಿನವರೂ ನಕ್ಕರು.

ಅವಳನ್ನು ಕಾಡುತ್ತಿದ್ದದ್ದು ಸೋಲಲ್ಲ. ಸೋಲು ಅವಳಿಗೆ ಹೊಸದೇನಲ್ಲ. ಹುಡುಗಿಯರು ಮೈದಾನದಲ್ಲಿ ಮಾತಾಡುತ್ತಿರಲಿಲ್ಲ, ಅದು ಅವಳ ಸಂಕಟ. ಹಳೆಯ ತಂಡದಲ್ಲಿ ಆಟವೆಂದರೆ ಸಂತೆಯ ಗದ್ದಲ. ‘ನಿನ್ನ ಹಿಂದೆ ಬಂದ್ಲು’, ‘ನಾನಿದೀನಿ ಬಿಡು’, ‘ಬಲಕ್ಕೆ ಸರಿ’, ಹೀಗೆ ಹನ್ನೊಂದು ಬಾಯಿಗಳು. ಹಾಕಿಯಲ್ಲಿ ಕಣ್ಣು ಚೆಂಡಿನ ಮೇಲೆ, ನೆಲದ ಮೇಲೆ. ಬೆನ್ನ ಹಿಂದಿನದನ್ನು ಹೇಳಲು ಇನ್ನೊಬ್ಬರ ಬಾಯಿಯೇ ಬೇಕು. ಈ ಹುಡುಗಿಯರು ಹಾಸ್ಟೆಲಿನಲ್ಲಿ ಛಾವಣಿ ಹಾರಿಹೋಗುವಂತೆ ಕಿರುಚಾಡಿ, ಮೈದಾನಕ್ಕೆ ಇಳಿದ ಕೂಡಲೇ ಪರೀಕ್ಷೆಗೆ ಕೂತವರಂತೆ ಆಗಿಬಿಡುತ್ತಿದ್ದರು. ಕೂಗುವವಳು ಇವಳೊಬ್ಬಳೇ. ಮ್ಯಾಚು ಮುಗಿಯುವ ಹೊತ್ತಿಗೆ ಗಂಟಲು ಒಡೆದು, ಮರುದಿನ ಶೆಡ್ಡಿನಲ್ಲಿ ನಮ್ಮ ಜೊತೆ ಕೈಸನ್ನೆಯಲ್ಲೇ ಮಾತು.

ಎಲ್ಲರಿಗಿಂತ ಹೆಚ್ಚಿನ ತಲೆನೋವು ಅವಳ ಪಕ್ಕದಲ್ಲೇ ನಿಲ್ಲುವ ಡಿಫೆಂಡರ್. ಎತ್ತರದ, ಉದ್ದ ಕತ್ತಿನ ಹುಡುಗಿ. ಒಂಟೆ ಎಂದು ಕರೆಯುತ್ತಿದ್ದರು, ಅವಳಿಗೂ ಬೇಸರವಿರಲಿಲ್ಲ. ಕಾಲು ಒಳ್ಳೆಯದು, ಕೈ ಇನ್ನೂ ಒಳ್ಳೆಯದು. ಕೋಚ್ ಅವಳನ್ನು ಕಂಡರೆ ಕಣ್ಣರಳಿಸುತ್ತಿದ್ದ. ಆದರೆ ಬಾಯಿ ಮಾತ್ರ ಹೊಲಿದಿಟ್ಟಂತೆ.

ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಬೀಗದಕ್ಕ ಅವಳನ್ನು ಗೋಲಿನ ಪಕ್ಕದ ಕಟ್ಟೆಯ ಮೇಲೆ ಕೂರಿಸಿಕೊಂಡಳು.

“ನಿಂಗೆ ಕಾಣಿಸುತ್ತೋ ಇಲ್ವೋ? ಇವತ್ತು ಆ ಹುಡುಗಿ ನನ್ನ ಹಿಂದಿನಿಂದ ಬಂದಾಗ ನೀನು ನೋಡಿದೆಯಾ?”

“ನೋಡ್ದೆ ಅಕ್ಕ.”

“ಮತ್ತೆ ಹೇಳೋಕೇನು ಕಷ್ಟ?”

ಒಂಟೆ ಶೂಸಿನ ಲೇಸು ಬಿಚ್ಚುತ್ತಾ, “ನೀವು ಕೂಗ್ತಾನೇ ಇರ್ತೀರಲ್ಲ. ಮಧ್ಯ ನಾನು ಎಲ್ಲಿ ಬಾಯಿ ಹಾಕ್ಲಿ?” ಎಂದಳು. ಆಮೇಲೆ ತಾನು ಹೆಚ್ಚು ಮಾತಾಡಿದೆನೆಂದು ಅನ್ನಿಸಿತೇನೋ, “ತಪ್ಪು ಹೇಳಿದ್ರೆ ನೀವು ಬೈತೀರ ಅಂತಾನೂ,” ಎಂದು ಸೇರಿಸಿದಳು.

ಬೀಗದಕ್ಕನಿಗೆ ಅವಳ ಕಪಾಳಕ್ಕೆ ಒಂದು ಬಿಡೋಣ ಅನ್ನಿಸಿತಂತೆ. ದನಿ ಒಡೆದುಕೊಂಡು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಇವರಿಗಾಗಿ ಸಾಯುತ್ತಿದ್ದರೆ, ತಪ್ಪು ಕೊನೆಗೆ ತನ್ನದೇ. ಅಷ್ಟು ಸಾಲದೆಂಬಂತೆ ಆ ವಾರವೇ ಕೋಚ್ ಕೂಡ ಅದನ್ನೇ ಹೇಳಿದ. “ನೀವಿದ್ರೆ ಅವರು ಚೆಂಡು ನೋಡಲ್ಲ ಅಕ್ಕ, ನಿಮ್ಮ ಮುಖ ನೋಡ್ತಾರೆ. ಎರಡು ಮ್ಯಾಚು ಹೊರಗೆ ಕೂತ್ಕೊಳ್ಳಿ. ಏನಾಗುತ್ತೋ ನೋಡೋಣ.”

ಕೂತಳು. ಆದದ್ದೇನೆಂದರೆ ಒಂದರಲ್ಲಿ ಐದು ಗೋಲು, ಇನ್ನೊಂದರಲ್ಲಿ ಎಂಟು. ಎಂಟನೆಯದು ಹೋದಾಗ ತನಗೆ ಒಳಗೊಳಗೇ ಸಂತೋಷವಾಯಿತು ಎಂದು ಅವಳು ನನ್ನ ಬಳಿ ಹೇಳಿದಳು. ಹೇಳಿ, ಕೈಯಲ್ಲಿದ್ದ ತಂತಿಯನ್ನು ಎಷ್ಟು ಎಳೆದಳೆಂದರೆ ಕಾಗದ ಹರಿದು, ಅರ್ಧ ಸುರುಳಿ ಬಿಚ್ಚಬೇಕಾಯಿತು. “ಎಂಥ ಹೆಂಗಸು ನಾನು,” ಎಂದು ಗೊಣಗುತ್ತಾ ಬಿಚ್ಚಿದಳು.

ಮನೆಯಲ್ಲೂ ಅವಳಿಗೆ ಈ ವಿಷಯದಲ್ಲಿ ನೆಮ್ಮದಿ ಇರಲಿಲ್ಲ. ಎರಡು ಕೋಣೆಯ ಮನೆ. ಗಂಡ ಶಾಲಾ ವ್ಯಾನು ಓಡಿಸುವವನು, ತಣ್ಣಗಿನ ಮನುಷ್ಯ. ಮಗಳು ಹೈಸ್ಕೂಲಿನ ಕೊನೆಯ ವರ್ಷ. ಅತ್ತೆಗೆ ಕಿವಿ ಸ್ವಲ್ಪ ಮಂದ, ನಾಲಗೆ ಮಾತ್ರ ಚುರುಕು. ಗಂಟಲು ಹೋಗಿ ಅವಳು ಸುಮ್ಮನಿದ್ದ ಒಂದು ಭಾನುವಾರ, ಮಧ್ಯಾಹ್ನವಾದರೂ ಒಣಗಿದ ಬಟ್ಟೆ ಹಗ್ಗದ ಮೇಲೇ ಇತ್ತು, ಗ್ಯಾಸು ಖಾಲಿಯಾದದ್ದನ್ನು ಯಾರೂ ಹೇಳಿರಲಿಲ್ಲ, ಮಗಳು ಇನ್ನೂ ಸ್ನಾನ ಮಾಡಿರಲಿಲ್ಲ.

“ಈ ಮನೇಲಿ ನೀನು ಬಾಯಿ ಬಿಡದೆ ಇದ್ರೆ ಗಡಿಯಾರಾನೂ ಓಡಲ್ಲ ಕಣೆ,” ಎಂದರು ಅತ್ತೆ. ಹೊಗಳಿಕೆಯೆಂದೇ ಅವರು ಹೇಳಿದ್ದು. ಅವಳಿಗೆ ಅದು ಒಂಟೆಯ ಮಾತಿನ ಹಾಗೇ ಕೇಳಿಸಿತು; ಎದ್ದುಹೋಗಿ ಹಗ್ಗದ ಮೇಲಿನ ಬಟ್ಟೆ ಎಳೆದಳು.

ಎಂಟು ಗೋಲಿನ ಸೋಲು ಮೇಲಿನವರ ಕಿವಿಗೆ ಬಿದ್ದು, ಅವಳನ್ನು ಮತ್ತೆ ಆಡಿಸಬೇಕೆಂದು ಆದೇಶ ಬಂತು. ಕೋಚ್ ಮುಖ ಗಂಟಿಕ್ಕಿಕೊಂಡೇ ಹೆಸರು ಓದಿದ. ಅವಳು ತಿರುಗಿ ಬಂದ ಮೇಲೆ ಗೋಲುಗಳು ಎರಡಕ್ಕೆ, ಮೂರಕ್ಕೆ ಇಳಿದವು. ಒಂದು ಮ್ಯಾಚು ಗೆದ್ದರು ಕೂಡ. ಗುಬ್ಬಿ ಎರಡು ಗೋಲು ಹೊಡೆದು ಬಸ್ಸಿನಲ್ಲಿ ಕುಣಿದಳು. ಆದರೂ ಲೀಗಿನ ಅಂಕಪಟ್ಟಿಯಲ್ಲಿ ತಂಡ ಕೆಳಗಿನಿಂದ ಎರಡನೆಯದು. ಕೊನೆಯ ಎರಡು ತಂಡಗಳು ಮುಂದಿನ ವರ್ಷ ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ಇನ್ನು ಉಳಿದದ್ದು ಎರಡೇ ಮ್ಯಾಚು.

ಅದರಲ್ಲಿ ಮೊದಲನೆಯದಕ್ಕೆ ಹೋಗುವ ಮುನ್ನ ಬೀಗದಕ್ಕ ಒಂದು ನಿರ್ಧಾರ ಮಾಡಿಕೊಂಡಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದು ನಿರ್ಧಾರವಾಗಿ ಉಳಿಯುತ್ತಿರಲಿಲ್ಲ, ಮೀಟಿಂಗಾಗುತ್ತಿತ್ತು.

ಆವತ್ತು ಅವಳು ಕೂಗಲಿಲ್ಲ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಹುಡುಗಿಯರು ಕತ್ತು ತಿರುಗಿಸಿ ಅವಳ ಕಡೆ ನೋಡತೊಡಗಿದರು. ಗೋಲ್ ಕೀಪರ್ ಹುಡುಗಿ, “ಅಕ್ಕ, ಹುಷಾರಿಲ್ವಾ?” ಎಂದು ಕೇಳಿದಳು. ಇವಳು ಏನಿಲ್ಲವೆಂದು ತಲೆಯಾಡಿಸಿದಳು, ಅಷ್ಟೆ. ಹೊರಗಿನಿಂದ ಕೋಚ್, “ಏನಾಗಿದೆ ಇವರಿಗೆ?” ಎಂದು ಗಾಳಿಗೆ ಕೈ ಬೀಸುತ್ತಿದ್ದ. ಒಂದು ಗೋಲು ಹೋಯಿತು. ಯಾರೂ ಯಾರಿಗೂ ಹೇಳದೆ, ಮೂವರು ಒಬ್ಬಳ ಹಿಂದೆಯೇ ಓಡಿ, ಮಿಕ್ಕವಳನ್ನು ಖಾಲಿ ಬಿಟ್ಟು ಹೋದ ಗೋಲು. ಇವಳ ನಾಲಗೆ ತುದಿಗೆ ಬಂದಿತ್ತು. ಹಲ್ಲು ಕಚ್ಚಿಕೊಂಡಳು. ತುಟಿಯ ಒಳಗೆ ನಿಜವಾಗಿಯೂ ರಕ್ತ ಬಂದಿತ್ತಂತೆ.

ಎರಡನೆಯ ಅರ್ಧದಲ್ಲಿ ಗುಬ್ಬಿ ಹೇಗೋ ಒಂದು ಗೋಲು ತೂರಿಸಿ ಸಮ ಮಾಡಿದಳು. ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಎದುರಾಳಿಯ ಒಬ್ಬಳು ಚೆಂಡು ತೆಗೆದುಕೊಂಡು ನೇರವಾಗಿ ಇವಳ ಮುಂದಕ್ಕೆ ಬಂದಳು. ಎಡಬಲಕ್ಕೆ ಒಬ್ಬೊಬ್ಬರು ಜೊತೆಗಾರ್ತಿಯರು. ಚೆಂಡು ಯಾರಿಗೆ ಹೋಗುತ್ತದೆ ಎನ್ನುವುದಷ್ಟೇ ಪ್ರಶ್ನೆ. ಬಂದವಳ ಮಣಿಕಟ್ಟು ಮಡಚಿದ ರೀತಿ ನೋಡಿ ಬಲಕ್ಕೆ ಎಂದು ಬೀಗದಕ್ಕನಿಗೆ ಗೊತ್ತಾಯಿತು. ವರ್ಷಗಟ್ಟಲೆ ನೋಡಿದ ಮಣಿಕಟ್ಟುಗಳು. ಕಾಲು ಬಲಕ್ಕೆ ಎತ್ತಿದ್ದಳು.

ಆಗ ಪಕ್ಕದಿಂದ ಒಂದು ದನಿ ಬಂತು, ಒರಟು, ಅರ್ಧ ಹೆದರಿದ ದನಿ.

“ಅಕ್ಕ, ಎಡ. ಎಡಕ್ಕೆ ಹೋಗಿ.”

ಒಂಟೆ. ಇಡೀ ಸೀಸನ್ನಿನಲ್ಲಿ ಮೊದಲ ಸಲ.

ತಪ್ಪು ಎಂದು ತಿಳಿದೇ ಬೀಗದಕ್ಕ ಎಡಕ್ಕೆ ಓಡಿದಳು. ಇದ್ದ ಕಾಲಿನ ಶಕ್ತಿಯೆಲ್ಲ ಹಾಕಿ ಓಡಿದಳು. ಚೆಂಡು ಬಲಕ್ಕೆ ಹೋಯಿತು, ಅಲ್ಲಿಂದ ಗೋಲಿನೊಳಕ್ಕೆ ಹೋಯಿತು. ನೋಡುವವರ ಕಣ್ಣಿಗೆ ಅದು ಹೇಗೆ ಕಂಡಿರಬೇಕು ಎಂದು ಹೇಳಬೇಕಾಗಿಲ್ಲ: ಮುದಿ ಡಿಫೆಂಡರ್ ಚೆಂಡು ಒಂದು ಕಡೆ ಹೋದರೆ ತಾನು ಇನ್ನೊಂದು ಕಡೆ ಓಡಿದಳು. ಜನ ನಕ್ಕರು.

ಒಂಟೆಯ ಮುಖ ಬಿಳಿಚಿಕೊಂಡಿತ್ತು. ಬೀಗದಕ್ಕ ಅವಳ ಹತ್ತಿರ ಹೋಗಿ ನಿಂತಳು. ಏದುಸಿರು ತಗ್ಗಿದ ಮೇಲೆ, “ಇನ್ನೂ ಜೋರಾಗಿ ಹೇಳು. ಕೊನೇ ಮಾತು ಸರಿಯಾಗಿ ಕೇಳಿಸಲಿಲ್ಲ,” ಎಂದಳು.

ಅಷ್ಟರಲ್ಲಿ ಕೋಚ್ ಅವಳನ್ನು ಹೊರಗೆ ಕರೆದ. ಹೋಗುವಾಗ ಅವಳಿಗೆ ಹಿಂದಿನಿಂದ ಒಂಟೆಯ ದನಿ ಕೇಳುತ್ತಿತ್ತು. ಗೋಲ್ ಕೀಪರಿಗೆ ಏನೋ ಹೇಳುತ್ತಿದ್ದಳು, ಆಮೇಲೆ ಎಡಗಡೆಯ ಹುಡುಗಿಗೆ. ಅರ್ಧಕ್ಕರ್ಧ ತಪ್ಪೇ. ಆದರೂ ನಿಲ್ಲಿಸಲಿಲ್ಲ. ಮ್ಯಾಚನ್ನು ಎರಡು ಒಂದರಿಂದ ಸೋತರು.

ಮರುದಿನ ಶೆಡ್ಡಿಗೆ ಸುದ್ದಿ ಅವಳಿಗಿಂತ ಮುಂಚೆ ಬಂದಿತ್ತು. ನಮ್ಮ ಮೇಸ್ತ್ರಿಗೆ ತಮಾಷೆ ಮಾಡುವುದೆಂದರೆ ಜೀವ. “ಬೀಗಕ್ಕೆ ತುಕ್ಕು ಹಿಡಿದಿದೆಯಂತೆ. ಎಣ್ಣೆ ಬೇಕಾದ್ರೆ ನಮ್ಮಲ್ಲಿ ಪೀಪಾಯಿಗಟ್ಟಲೆ ಇದೆ,” ಎಂದರು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಅವಳು ತಲೆ ಎತ್ತಲಿಲ್ಲ. ಊಟದ ಹೊತ್ತಿಗೆ, ಬೇರೆ ಯಾರೂ ಇಲ್ಲದಾಗ, ಆದದ್ದನ್ನೆಲ್ಲ ನನಗೆ ಹೇಳಿದಳು.

“ಕೋಚಿಗೆ ಹೇಳಬಾರದಾ?” ಎಂದು ಕೇಳಿದೆ.

“ಹೇಳಿದ್ರೆ ಅವನು ಅವಳನ್ನ ಕರೆದು ತಿದ್ದೋಕೆ ಹೋಗ್ತಾನೆ. ಅವನ ಕೆಲಸ ಅದು, ತಪ್ಪೇನಿಲ್ಲ. ಆದ್ರೆ ಈಗಷ್ಟೇ ಬಾಯಿ ಬಿಟ್ಟಿದಾಳೆ. ಮತ್ತೆ ಮುಚ್ಚಿಕೊಂಡ್ರೆ ಇನ್ನು ಯಾವ ಜನ್ಮಕ್ಕೆ?” ಎಂದಳು. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ, “ನಂಗೂ ಹೊಟ್ಟೆ ಉರಿಯುತ್ತೆ ಕಣೋ. ಜನ ನಕ್ಕಿದ್ದು ಕಿವೀಲೇ ಇದೆ. ಬಲಕ್ಕೆ ಅಂತ ಗೊತ್ತಿತ್ತು ನಂಗೆ. ಗೊತ್ತಿತ್ತು,” ಎಂದಳು.

ಕೊನೆಯ ಮ್ಯಾಚಿಗೆ ಆಡುವವರ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ನಾಯಕಿ ಹೊರಗೆ ಕೂತರೆ ಚೆನ್ನಾಗಿರುವುದಿಲ್ಲವೆಂದು ಆ ಒಂದು ದಿನಕ್ಕೆ ನಾಯಕಿಯ ಪಟ್ಟಿಯನ್ನು ಒಂಟೆಯ ತೋಳಿಗೆ ಕಟ್ಟಿದರು. ನಾವು ಶೆಡ್ಡಿನ ನಾಲ್ಕೈದು ಮಂದಿ ನೋಡಲು ಹೋಗಿದ್ದೆವು. ಗೆದ್ದರೆ ಉಳಿಯುತ್ತೇವೆ, ಇಲ್ಲವಾದರೆ ಇಳಿಯುತ್ತೇವೆ ಎನ್ನುವ ಸ್ಥಿತಿ. ಬೆಂಚಿನಲ್ಲಿ ಕೂತವರು ಕೂಗಿದರೆ ಅಂಪೈರು ಕಾರ್ಡು ತೋರಿಸುತ್ತಾರೆ, ಹಾಗಾಗಿ ಅವಳು ನೀರಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತುದಿಯಲ್ಲಿ ಕೂತಿದ್ದಳು. ಎದುರಾಳಿ ಗೋಲಿನ ಮುಂದಿನ ಡಿ ವೃತ್ತದ ಒಳಗೆ ನುಗ್ಗಿದಾಗಲೆಲ್ಲ ಬಾಟಲಿ ಹಿಂಡುತ್ತಿದ್ದಳು. ಒಂದು ಸಲ ನೀರು ಚಿಮ್ಮಿ ಕೋಚಿನ ಪ್ಯಾಂಟು ಒದ್ದೆಯಾಯಿತು. ಅವನು ತಿರುಗಿ ನೋಡಿದ. ಇವಳು ಬೇರೆ ಕಡೆ ನೋಡಿದಳು.

ಹಿಂದಿನ ಸಾಲು ಆವತ್ತು ಮಾತಾಡಿತು. ಗ್ಯಾಲರಿಯಲ್ಲಿದ್ದ ನಮಗೇ ಒಂಟೆಯ ದನಿ ಕೇಳುತ್ತಿತ್ತು. ಅವಳು ಕೂಗಿದ್ದಕ್ಕೆ ಎಡಗಡೆಯವಳು ಉತ್ತರ ಕೊಡುತ್ತಿದ್ದಳು, ಕೀಪರ್ ಇಬ್ಬರಿಗೂ ಬೈಯುತ್ತಿದ್ದಳು. ಮೊದಲಿನ ಭರಾಟೆಯಲ್ಲಿ ಒಂದು ಗೋಲು ತಿಂದರು. ಆಮೇಲೆ ಒಂದೂ ಬಿಡಲಿಲ್ಲ. ಗುಬ್ಬಿ ಒಂದು ಪೆನಾಲ್ಟಿ ಕಾರ್ನರಿನಲ್ಲಿ ಸಮ ಮಾಡಿದಳು. ಇನ್ನೊಂದು ಬೇಕಿತ್ತು. ಬರಲಿಲ್ಲ. ಕೊನೆಗೆ ಚೆಂಡು ಎದುರಾಳಿಯ ಗೋಲುಕಂಬಕ್ಕೆ ಬಡಿದು ಹೊರಗೆ ಹೋಯಿತು, ಸೀಟಿ ಊದಿದರು. ಒಂದು ಒಂದು. ತಂಡ ಕೆಳಗಿಳಿಯಿತು.

ಹುಡುಗಿಯರು ಟರ್ಫಿನ ಮೇಲೇ ಕೂತು ಅತ್ತರು. ಗುಬ್ಬಿಯೂ ಅತ್ತಳು, ಮೀಟಿಂಗಿಗೆ ಕಾಯಲಿಲ್ಲ. ಬೀಗದಕ್ಕ ಅಳಲಿಲ್ಲ. ಬಾಟಲಿಗಳನ್ನು ಹೆಕ್ಕಿ ಕ್ರೇಟಿಗೆ ತುಂಬುತ್ತಿದ್ದಳು, ಒಂದೊಂದನ್ನೂ ಎತ್ತಿ ಕುಕ್ಕುತ್ತಾ.

ಆ ವಾರ ಕೋಚ್ ಶೆಡ್ಡಿಗೇ ಬಂದ. ಎಣ್ಣೆಯ ವಾಸನೆಗೆ ಮೂಗು ಹಿಡಿದುಕೊಂಡು, ಸುರುಳಿಗಳ ಮಧ್ಯೆ ಜಾಗ ಮಾಡಿಕೊಂಡು ನಿಂತ. ಮ್ಯಾಚುಗಳ ವಿಡಿಯೋ ಮತ್ತೆ ನೋಡಿದೆನೆಂದ.

“ಆ ಗೋಲಿನಲ್ಲಿ ನೀವು ಮೊದಲು ಕಾಲು ಬಲಕ್ಕೆ ಎತ್ತಿದೀರಿ. ಎತ್ತಿ, ಎಡಕ್ಕೆ ಹೋಗಿದೀರಿ. ಯಾಕೆ?”

“ಅವಳು ಹೇಳಿದ್ಲು.”

“ಅವಳು ತಪ್ಪು ಹೇಳಿದ್ಲು.”

“ಹೌದು.”

ಅವನು ಮೂಗಿನಿಂದ ಕೈ ತೆಗೆದ. ಹೀಟರಿನ ಒಲೆಯಲ್ಲಿ ವಾರ್ನಿಷು ಒಣಗುವ ಚಿಟಪಟ ಸದ್ದು ಕೇಳುತ್ತಿತ್ತು. “ನಂಗೆ ಒಂದು ಮಾತು ಹೇಳಬಹುದಿತ್ತು,” ಎಂದ ಕೊನೆಗೆ.

“ಕೇಳಬಹುದಿತ್ತು,” ಎಂದಳು ಅವಳು.

ಅವನು ಕ್ಷಮೆ ಕೇಳಲಿಲ್ಲ. ಅವಳೂ ನಿರೀಕ್ಷಿಸಿರಲಿಲ್ಲ. ಇಲಾಖೆಯವರು ತಂಡವನ್ನೇ ಮುಚ್ಚುವ ಮಾತಾಡುತ್ತಿದ್ದಾರೆ, ಇಬ್ಬರೂ ಹೋಗಿ ಕ್ರೀಡಾಧಿಕಾರಿಯನ್ನು ನೋಡೋಣ ಎಂದು ಕೇಳಲು ಅವನು ಬಂದಿದ್ದ.

ಹೋದರು. ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದ ತನಕ ಕಾದರು. ಒಳಗೆ ಅಧಿಕಾರಿ ಟೀ ತರಿಸಿ, ಬೀಗದಕ್ಕನ ಹಳೆಯ ಆಟವನ್ನು ಬಾಯಿ ತುಂಬ ಹೊಗಳಿದರು. ಅವಳು ಆಡಿದ್ದೇ ಇಲ್ಲದ ಒಂದು ಫೈನಲನ್ನೂ ಹೊಗಳಿದರು. ಕೋಚ್ ಹಾಳೆ ತೆಗೆದು ಏನೋ ವಿವರಿಸಲು ಹೋದರೆ ಕೈ ಅಡ್ಡ ಹಿಡಿದರು.

“ಸರ್, ಹುಡುಗೀರು ಈಗಷ್ಟೇ ತಂಡ ಆಗ್ತಿದಾರೆ,” ಎಂದಳು ಅವಳು. “ಕೊನೇ ಮ್ಯಾಚು ನೀವು ನೋಡಿದ್ರೆ ಗೊತ್ತಾಗ್ತಿತ್ತು.”

“ಆವತ್ತು ಬೇರೆ ಕಾರ್ಯಕ್ರಮ ಇತ್ತು ನೋಡಿ. ಇರಲಿ, ನಿಮ್ಮ ಅನುಭವಾನ ನಾವು ಬಿಟ್ಟುಕೊಡಲ್ಲ. ಆಟಗಾರ್ತಿ ಅಂತ ಇನ್ನು ಕಷ್ಟ, ವಯಸ್ಸಾಯ್ತು. ಸಲಹೆಗಾರ್ತಿ ಅಂತ ಮಾಡ್ತೀವಿ.”

“ಸಲಹೆಗಾರ್ತಿ ಅಂದ್ರೆ ಏನು ಮಾಡಬೇಕು ಸರ್?”

“ಸಲಹೆ ಕೊಡೋದು.”

“ಯಾರಿಗೆ?”

ಅಧಿಕಾರಿ ನಕ್ಕು, ಇನ್ನೊಂದು ಟೀ ಹೇಳಿದರು.

ಕೊನೆಗೆ ತಂಡ ಉಳಿಯಿತು. ಅವಳ ಮಾತಿನಿಂದಲ್ಲ. ತಂಡ ಮುಚ್ಚಬೇಕಾದರೆ ಮೇಲಿನ ಕಚೇರಿಗಳೆಲ್ಲ ಒಪ್ಪಬೇಕಿತ್ತಂತೆ. ಅಷ್ಟು ಕಡೆ ಓಡಾಡುವ ಉಮೇದು ಯಾರಿಗೂ ಇರಲಿಲ್ಲ. ಕಡತ ಎಲ್ಲೋ ಮಲಗಿತು, ಹುಡುಗಿಯರು ಹಾಸ್ಟೆಲಿನಲ್ಲಿ ಉಳಿದರು. ಅವಳನ್ನು ಆಟಗಾರರ ಪಟ್ಟಿಯಿಂದ ತೆಗೆದರು. ಸಲಹೆಗಾರ್ತಿ ಪಟ್ಟವನ್ನು ಅವಳು ಬೇಡವೆಂದಳು. ಬದಲಿಗೆ, ಅಭ್ಯಾಸದ ದಿನ ಶೆಡ್ಡಿನಿಂದ ಬೇಗ ಬಿಡಬೇಕೆಂದು ಕೇಳಿದಳು. ಮೇಸ್ತ್ರಿ, “ಹಾಕಿ ಮುಗೀತಲ್ಲ, ಇನ್ನೇನು?” ಎಂದು ಗೊಣಗಿ ಒಪ್ಪಿದರು. ಅವಳ ಉಳಿದ ಸುರುಳಿ ಆ ದಿನಗಳಲ್ಲಿ ನನ್ನ ಮೇಜಿಗೆ ಬರುತ್ತದೆ. ಅದನ್ನು ನಾನೂ ಗೊಣಗಿಕೊಂಡೇ ಸುತ್ತುತ್ತೇನೆ.

ಈಗ ಅವಳು ಆಡುವುದಿಲ್ಲ. ಸಂಜೆ ಮೈದಾನಕ್ಕೆ ಹೋಗಿ, ಹಿಂದಿನ ಸಾಲಿನ ನಾಲ್ವರನ್ನು ನಿಲ್ಲಿಸಿಕೊಂಡು, ಚೆಂಡಿಲ್ಲದೆ ಬರೀ ಮಾತಿನಲ್ಲಿ ಆಡಿಸುತ್ತಾಳೆ. ‘ಈಗ ಬಂದಳು, ಯಾರು ಹೇಳ್ತೀರಿ?’ ಎನ್ನುತ್ತಾಳೆ. ಕೋಚ್ ಅವಳಿಗೆ ಆ ಹೊತ್ತನ್ನು ಬಿಟ್ಟುಕೊಟ್ಟಿದ್ದಾನೆ, ಮಿಕ್ಕದ್ದನ್ನು ಬಿಟ್ಟುಕೊಟ್ಟಿಲ್ಲ. ಇಬ್ಬರಿಗೂ ಈಗಲೂ ಎಷ್ಟು ಮುಂದೆ ನಿಲ್ಲಬೇಕೆಂಬ ಜಗಳ. ಒಂಟೆ ಪೂರ್ತಿ ನಾಯಕಿಯಾಗಿದ್ದಾಳೆ. ನಿಲ್ಲುವ ಜಾಗದ ವಿಷಯದಲ್ಲಿ ಅವಳು ಕೋಚಿನ ಪಕ್ಷ. ಅದು ಬೀಗದಕ್ಕನಿಗೆ ತಡೆಯಲಾಗದ ಸಂಗತಿ. “ಮಾತು ಕಲಿಸಿದ್ದು ನಾನು, ಮಾತಾಡೋದು ನನ್ನ ವಿರುದ್ಧಾನೇ,” ಎಂದು ನನ್ನ ಮುಂದೆ ತಂತಿ ಕುಟ್ಟುತ್ತಾಳೆ.

ಕೆಳಗಿನ ಡಿವಿಷನ್ನಿನಲ್ಲಿ ಮೊದಲ ಮ್ಯಾಚು ಮುಗಿಸಿ ಅವಳು ಮನೆಗೆ ಹೋದಾಗ ಗಂಡ ವ್ಯಾನಿನ ಸೀಟು ಒರೆಸುತ್ತಿದ್ದನಂತೆ.

“ಏನಾಯ್ತು ಮ್ಯಾಚು?”

“ಗೆದ್ದರು.”

“ಮೊದಲೆಲ್ಲ ಗೆದ್ವಿ ಅಂತಿದ್ದೆ.”

ಅವಳಿಗೆ ತಕ್ಷಣ ಸಿಟ್ಟು ಬಂತು. ಚಪ್ಪಲಿ ಬಿಟ್ಟು ಒಳಗೆ ಹೋದಳು. ಕಾಲು ತೊಳೆದು, ಮೊಣಕಾಲಿನ ಪಟ್ಟಿ ಬಿಚ್ಚಿಕೊಂಡು ಮತ್ತೆ ಹೊರಗೆ ಬಂದು, ಇನ್ನೂ ಸೀಟು ಒರೆಸುತ್ತಿದ್ದವನಿಗೆ, “ಮೂರು ಸೊನ್ನೆ. ಒಂದೂ ಬಿಡಲಿಲ್ಲ. ಆದ್ರೆ ತುಂಬ ಮುಂದೆ ನಿಲ್ತಾರೆ. ಒಂದಲ್ಲ ಒಂದು ದಿನ ತಿಂತಾರೆ ನೋಡು,” ಎಂದಳು.

“ಹೇಳಿದೆಯಾ ಅವರಿಗೆ?”

“ಹೇಳಿದೆ. ಕೇಳಲ್ಲ,” ಎಂದು, ಪಟ್ಟಿಯನ್ನು ಕೊಡವಿ ಹಗ್ಗದ ಮೇಲೆ ಹಾಕಿದಳು.